ಕುರಿಗಳ ಜೊತೆ ಇದ್ದಾನೆ

ಫೆಬ್ರವರಿ 6, ಮಂಗಳವಾರ

ಸೊನ್ನೆಗಿಂತ ಇಪ್ಪತ್ತೊಂದು ಡಿಗ್ರಿ ಕೆಳಗೆ. ಬಸ್ಸು ಮೂರನೆಯ ಸಲಕ್ಕೆ ಶುರುವಾಯಿತು. ಹದಿನೇಳು ಮಕ್ಕಳು ಹತ್ತಿದರು, ಹದಿನೇಳೂ ಇಳಿದರು. ಶಾಲೆಯ ಅಂಗಳದಲ್ಲಿ ಗಾಳಿ ಯಾರದೋ ಟೋಪಿಯನ್ನು ಹಾರಿಸಿಕೊಂಡು ಹೋಯಿತು. ಸ್ಟಿಯರಿಂಗ್ ಹಿಡಿದುಕೊಂಡು ಅದನ್ನೇ ನೋಡುತ್ತ ಕೂತಿದ್ದೆ.

ಇದು ಬಸ್ಸಿನ ಹಳೆಯ ಲಾಗ್ ಪುಸ್ತಕ. ಮುಂದಿನ ಅರ್ಧದಲ್ಲಿ ಮೈಲಿಗಳ ಲೆಕ್ಕ, ಹಿಂದಿನ ಅರ್ಧ ಖಾಲಿ. ಬಿಸಾಡಲು ಮನಸ್ಸಾಗದೆ ಮನೆಗೆ ತಂದೆ.

ಅಪ್ಪ ಊಟದ ಮೇಜಿನ ಮೇಲೆ ತೆರಿಗೆಯ ಲಕೋಟೆಗಳನ್ನೆಲ್ಲ ಇಸ್ಪೀಟೆಲೆಯ ಹಾಗೆ ಹರಡಿಟ್ಟಿದ್ದ. ಈ ಸಲವಾದರೂ ಬೇಗ ಮುಗಿಸು ಅಂದ. ಹೋದ ವರ್ಷ ತೊಂದರೆ ಇರಲಿಲ್ಲ. ನನ್ನ ಗಂಡ ನಿಕಾನೋರ್ ಅದರ ಹಿಂದಿನ ನವೆಂಬರಿನವರೆಗೆ ಇಲ್ಲೇ ಇದ್ದು, ಹೋಗುವ ಮುಂಚೆ ಸಹಿ ಮಾಡಿಟ್ಟಿದ್ದ. ಗಂಡ ಹೆಂಡತಿ ಒಟ್ಟಿಗೆ ಅಂತ ಹಾಕಿ ಅಂಚೆಗೆ ಕೊಟ್ಟಿದ್ದೆ. ಈ ಸಲ ಫಾರ್ಮಿನ ತಲೆಯ ಮೇಲಿರುವ ಐದು ಚೌಕಗಳಲ್ಲಿ ಯಾವುದಕ್ಕೆ ಗುರುತು ಹಾಕಬೇಕೋ ತಿಳಿಯದು. 'ಮದುವೆಯಾಗಿದೆ, ಬೇರೆ ಬೇರೆ' ಅಂತ ಒಂದಿದೆ. ಅದಕ್ಕೆ ಹಾಕಿ ಕೈ ತೊಳೆದುಕೊಂಡರೆ ಆಯಿತು. ಬೇರೆ ಬೇರೆಯೇ ಇದ್ದೇವಲ್ಲ.

ಫೆಬ್ರವರಿ 10, ಶನಿವಾರ

ಲೈಬ್ರರಿಗೆ ಹೋದೆ. ಶನಿವಾರ ಅಲ್ಲಿ ಓರಿನ್ ಟಿಬೆಟ್ಸ್ ಊರವರ ತೆರಿಗೆ ಲೆಕ್ಕವನ್ನು ಬಿಟ್ಟಿಯಾಗಿ ಮಾಡಿಕೊಡುತ್ತಾರೆ. ನಲವತ್ತು ವರ್ಷ ದನಗಳ ಮೈಮೇಲೆ ಕಾಸಿ ಒತ್ತಿದ ಮುದ್ರೆ ನೋಡಿ ಇದು ಯಾರ ಹಸು ಎಂದು ಹೇಳುವ ಸರ್ಕಾರಿ ಕೆಲಸ ಮಾಡಿದವರು. ಈಗಲೂ ಕಾಗದವನ್ನು ಹಸುವಿನ ಪಕ್ಕೆ ನೋಡಿದ ಹಾಗೆ, ಸ್ವಲ್ಪ ದೂರ ಹಿಡಿದು ತಲೆ ಓರೆ ಮಾಡಿ ನೋಡುತ್ತಾರೆ.

ನಿಕಾನೋರ್ ಬರಲಿಲ್ಲವಾ ಅಂತ ಕೇಳಿದರು. ಕುರಿಗಳ ಜೊತೆ ಇದ್ದಾನೆ ಅಂದೆ.

ಹದಿನೈದು ತಿಂಗಳಿಂದ ಊರಿಗೆಲ್ಲ ಇದನ್ನೇ ಹೇಳಿಕೊಂಡು ಬಂದಿದ್ದೇನೆ. ಕುರಿ ಕಾಯುವವನ ಹೆಂಡತಿಗೆ ಇದೊಂದು ಅನುಕೂಲ. ಬೇಸಿಗೆಯಲ್ಲಿ ಬೆಟ್ಟ, ಚಳಿಗಾಲದಲ್ಲಿ ಮರುಭೂಮಿ. ಅವರು ಊರಿಗೆ ಬರುವುದೇ ವರ್ಷಕ್ಕೆ ಎರಡು ಮೂರು ಸಲ, ಕ್ಷೌರಕ್ಕೆ ಮತ್ತು ಹಲ್ಲು ಕೀಳಿಸಲು. ಕಾಣದಿದ್ದರೆ ಯಾರೂ ಏಕೆಂದು ಕೇಳುವುದಿಲ್ಲ. ಕಂಡರೆ ಕೇಳುತ್ತಾರೆ.

ಓರಿನ್ ನನ್ನ ಸಂಬಳದ ಚೀಟಿ ತೆಗೆದಿಟ್ಟುಕೊಂಡು, ಅವನದೆಲ್ಲಿ ಅಂದರು. ಇಲ್ಲ ಅಂದೆ. ವರ್ಷವೆಲ್ಲ ಕುರಿ ಕಾಯ್ದವನಿಗೆ ಸಂಬಳದ ಚೀಟಿ ಕೊಡದ ಧಣಿ ಯಾರು, ಹೆಸರು ಹೇಳು, ಫೋನ್ ಮಾಡುತ್ತೇನೆ ಅಂದರು. ಫೋನ್ ಕೈಗೆತ್ತಿಕೊಂಡೂ ಬಿಟ್ಟರು. ಆಗ ಹೇಳಬೇಕಾಯಿತು. ಮೆಲ್ಲಗೆ ಹೇಳಿದೆ. ಪೆರುವಿನಲ್ಲಿದ್ದಾನೆ.

"ಹೋದ ವರ್ಷ ಎಷ್ಟು ದಿನ ಇಲ್ಲಿದ್ದ?"

"ಒಂದೂ ಇಲ್ಲ."

ಫೋನ್ ಕೆಳಗಿಟ್ಟರು. ಸುತ್ತ ನೋಡಿ ದನಿ ತಗ್ಗಿಸಿದರು. "ನೋಡಮ್ಮಾ, ನನ್ನ ಕೆಲಸ ಹಸು ಯಾರದು ಅಂತ ನೋಡೋದಷ್ಟೆ. ಬೇಲಿ ಯಾಕೆ ಹಾರಿತು ಅಂತ ನಾನು ಯಾವತ್ತೂ ಕೇಳಿದವನಲ್ಲ."

ಆಮೇಲೆ ದಪ್ಪ ಪುಸ್ತಕ ತೆಗೆದು ಓದಿದರು. ಗಂಡ ಹೊರದೇಶದವನಾಗಿ ಹೊರದೇಶದಲ್ಲೇ ಇದ್ದರೆ ನನಗೆ ಮೂರು ದಾರಿ. ಮೊದಲನೆಯದು, ಅವನು ಇಲ್ಲೇ ವಾಸವಿದ್ದಂತೆ ಲೆಕ್ಕ ಹಿಡಿಯಿರಿ ಅಂತ ಇಬ್ಬರೂ ಸಹಿ ಹಾಕಿದ ಒಂದು ಪತ್ರ ಕೊಟ್ಟು ಒಟ್ಟಿಗೆ ಹಾಕುವುದು. ಆಗ ಅವನು ಎಲ್ಲಿ ಏನು ಗಳಿಸಿದರೂ ಹೇಳಬೇಕು. ಆದರೆ ನನ್ನ ಕೈಗೆ ಸಾವಿರದ ಮುನ್ನೂರು ಡಾಲರ್ ಹೆಚ್ಚು ಬರುತ್ತದೆ. ಎರಡನೆಯದು, ಅಪ್ಪನನ್ನು ಸಾಕುತ್ತಿರುವುದರಿಂದ 'ಮನೆಯ ಯಜಮಾನಿ' ಅಂತ ಹಾಕುವುದು. ಗಂಡ ಹೊರದೇಶದವನಾದರೆ ಈ ವಿಷಯದಲ್ಲಿ ನಾನು ಮದುವೆಯಾಗದವಳಿದ್ದಂತೆ. ಅದಕ್ಕೆ ಏಳುನೂರು ಹೆಚ್ಚು. ಮೂರನೆಯದು ಬೇರೆ ಬೇರೆ. ಅದಕ್ಕೆ ಏನೂ ಇಲ್ಲ.

ಬೇರೆ ಬೇರೆ ಹಾಕಿ ಅಂದೆ. ಸಾವಿರದ ಮುನ್ನೂರು ಡಾಲರನ್ನು ಗಾಳಿಗೆ ತೂರುವವರ ಫಾರ್ಮನ್ನು ನಾನು ತುಂಬುವುದಿಲ್ಲ, ಅವನ ಸಹಿ ತರಿಸು, ಏಪ್ರಿಲ್ ಹದಿನೈದರವರೆಗೆ ಟೈಮಿದೆ ಅಂತ ಕಾಗದವನ್ನೆಲ್ಲ ನನ್ನ ಕಡೆಗೇ ತಳ್ಳಿದರು.

ಫೆಬ್ರವರಿ 13, ಮಂಗಳವಾರ

ಅಪ್ಪನಿಗೆ ಹೇಳಿದೆ. 'ಮನೆಯ ಯಜಮಾನಿ' ಅವನಿಗೆ ಬಹಳ ಹಿಡಿಸಿತು. ಎಂಬತ್ತು ವರ್ಷಕ್ಕೆ ನನಗೂ ಒಂದು ಬೆಲೆ ಬಂತು, ಏಳುನೂರು ಡಾಲರ್, ಒಂದು ಮುದಿ ಟಗರಿಗಿಂತ ಜಾಸ್ತಿ ಅಂದ.

ಫ್ರಿಜ್ಜಿನ ಮೇಲೆ ಇನ್ನೊಂದು ಲಕೋಟೆ ಇದೆ. ನಿಕಾನೋರನನ್ನು ಕರೆಸಿಕೊಳ್ಳಬೇಕಾದರೆ, ಇವನ ಅನ್ನ ಬಟ್ಟೆ ನನ್ನ ಜವಾಬ್ದಾರಿ ಅಂತ ನಾನು ಬರೆದು, ತೆರಿಗೆ ಲೆಕ್ಕದ ಪ್ರತಿ ಸೇರಿಸಿ ಸರ್ಕಾರಕ್ಕೆ ಕಳಿಸಬೇಕು. ಉಳಿದದ್ದೆಲ್ಲ ಆಗಿದೆ. ಇದೊಂದು ಆಗಿಲ್ಲ. ಹೋದ ಮಾರ್ಚಿನಿಂದ ಅಲ್ಲೇ ಇದೆ. ಅದರ ಮೇಲೆ ಅಪ್ಪ ಬಾಳೆಹಣ್ಣು ಇಡುತ್ತಾನೆ.

ಹೊರಡುವಾಗ ಅವನಿಗೆ ಇಲ್ಲಿ ನೆಲೆಸಲು ಬೇಕಾದ ಕಾಗದ ಅರ್ಧ ದಾರಿಯಲ್ಲಿತ್ತು. ಅನುಮತಿಯಿಲ್ಲದೆ ದೇಶ ಬಿಟ್ಟರೆ ಎಲ್ಲ ರದ್ದು ಅಂತ ವಕೀಲಳು ಬರೆದೇ ಕೊಟ್ಟಿದ್ದಳು. ಅವನ ತಾಯಿಗೆ ಹುಷಾರಿಲ್ಲ ಅಂತ ಫೋನ್ ಬಂತು. ನಿನ್ನ ತಾಯಿಗೆ ಇನ್ನೂ ನಾಲ್ಕು ಮಕ್ಕಳಿದ್ದಾರೆ, ನನಗೆ ನೀನೊಬ್ಬನೇ ಅಂದೆ. ಅವನು ಶರ್ಟು ಮಡಚುತ್ತಿದ್ದ. ಮಡಚುವುದನ್ನು ನಿಲ್ಲಿಸಲಿಲ್ಲ. ಹೋಗುವುದಾದರೆ ಹೋಗು, ಬರುವುದನ್ನು ನಾನು ನೋಡಿಕೊಳ್ಳುವುದಿಲ್ಲ ಅಂದೆ.

ಇವತ್ತು ರಾತ್ರಿಯ ಊಟಕ್ಕೆ ಡಬ್ಬಿಯ ಸೂಪು.

ಫೆಬ್ರವರಿ 18, ಭಾನುವಾರ

ಭಾನುವಾರ ಅವನು ಫೋನ್ ಮಾಡುತ್ತಾನೆ. ಎರಡು ನಿಮಿಷ. ಚಳಿ ಹೇಗಿದೆ, ಅಪ್ಪ ಹೇಗಿದ್ದಾರೆ, ಬಸ್ಸು ಹೇಗಿದೆ. ಹೆಂಡತಿ ಹೇಗಿದ್ದಾಳೆ ಅಂತ ಕೇಳುವುದಿಲ್ಲ. ನಾನೂ ಹೇಳುವುದಿಲ್ಲ.

ಇವತ್ತು ತೆರಿಗೆಯ ವಿಷಯ ಹೇಳಿದೆ. ಓರಿನ್ ಬರೆದುಕೊಟ್ಟ ಪತ್ರವನ್ನು ಅವನ ತಮ್ಮನ ಫೋನಿಗೆ ಕಳಿಸಿದ್ದೇನೆ, ಅಚ್ಚು ಹಾಕಿಸಿ ಸಹಿ ಮಾಡು. ಜೊತೆಗೆ ಹೋದ ವರ್ಷ ಗಳಿಸಿದ್ದನ್ನೆಲ್ಲ ತಿಂಗಳು ತಿಂಗಳು ಬರೆದು ಕಳಿಸು ಅಂದೆ. ಎಲ್ಲಾನಾ ಅಂದ. ಎಲ್ಲಾ ಅಂದೆ. ಕೋಳಿ ಕೊಟ್ಟಿದ್ದೂ ಬರೀಬೇಕಾ ಅಂದ. ಬರೆ ಅಂದೆ.

ಮಾರ್ಚಿನಲ್ಲಿ ಅವನ ಊರಿನವನೊಬ್ಬ ಇಲ್ಲಿ ಕುರಿ ಕಾಯಲು ಬರುತ್ತಾನಂತೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ ಅಂದ. ನಾಲ್ಕು ನಿಮಿಷವಾಗಿತ್ತು.

ಮಾರ್ಚ್ 1, ಶುಕ್ರವಾರ

ಗಾಳಿ. ಹೆದ್ದಾರಿ ಮುಚ್ಚಿದ್ದಾರೆ. ಶಾಲೆಯಿಲ್ಲ.

ಮಾರ್ಚ್ 5, ಮಂಗಳವಾರ

ಶಾಲೆಯಿದೆ. ಗಾಳಿ.

ಮಾರ್ಚ್ 14, ಗುರುವಾರ

ಇಬ್ಬರು ಹುಡುಗಿಯರು ಹಿಂದಿನ ಸೀಟಿನಲ್ಲಿ ಜುಟ್ಟು ಹಿಡಿದು ಜಗಳವಾಡಿದರು. ಬಸ್ಸು ನಿಲ್ಲಿಸಿ ಬಿಡಿಸಿದೆ. ಏನು ಹೇಳಿ ಬಿಡಿಸಿದೆ ಅಂತ ಈಗ ನೆನಪಿಲ್ಲ. ಪೆಟ್ರೋಲ್ ಬಂಕಿನವಳು ನಿಕಾನೋರನನ್ನು ವಿಚಾರಿಸಿದಳು. ಕುರಿಗಳ ಜೊತೆ ಇದ್ದಾನೆ ಅಂದೆ. ಚಿಲ್ಲರೆ ತೆಗೆದುಕೊಳ್ಳುವುದನ್ನು ಮರೆತು ಬಂದೆ.

ಮಾರ್ಚ್ 26, ಮಂಗಳವಾರ

ನಾನು ಬರುವಷ್ಟರಲ್ಲಿ ಆ ಊರಿನವನು ಬಂದು ಲಕೋಟೆ ಕೊಟ್ಟು ಹೋಗಿದ್ದ. ಅಪ್ಪ ಅವನಿಗೆ ಕಾಫಿ ಕೊಟ್ಟು, ಭಾಷೆ ಬಾರದೆ ಇಬ್ಬರೂ ಟೀವಿಯಲ್ಲಿ ಹೋರಿ ಸವಾರಿ ನೋಡಿದರಂತೆ. ಒಳ್ಳೆಯ ಮನುಷ್ಯ, ಒಂದು ಮಾತೂ ಆಡಲಿಲ್ಲ ಅಂತ ಹೊಗಳಿದ.

ಪತ್ರಕ್ಕೆ ಸಹಿ ಹಾಕಿದ್ದಾನೆ. ಸಹಿಯ ಕೆಳಗೆ ಅವರ ಗುರುತಿನ ಚೀಟಿಯ ನಂಬರು, ಪಕ್ಕದಲ್ಲಿ ತೋರುಬೆರಳಿನ ನೀಲಿ ಗುರುತು. ಅವರಲ್ಲಿ ಹಾಗೆ; ಬೆರಳೊತ್ತದ ಸಹಿಗೆ ಬೆಲೆಯಿಲ್ಲ. ನಮ್ಮ ಮದುವೆಯ ದಿನ ಕೋರ್ಟಿನಲ್ಲಿಯೂ ಇಂಕಿನ ಡಬ್ಬಿ ಎಲ್ಲಿ ಅಂತ ಹುಡುಕಿದ್ದ. ಗುಮಾಸ್ತಳು ನಕ್ಕಿದ್ದಳು. ಅವನು ಕೊನೆಗೆ ನನ್ನ ಪೆನ್ನನ್ನು ಬೆರಳಿಗೆ ತಿಕ್ಕಿಕೊಂಡು ಒತ್ತಿದ್ದ.

ಗಳಿಕೆಯ ಪಟ್ಟಿ ಶಾಲೆಯ ಮಕ್ಕಳ ಚೌಕುಳಿ ಹಾಳೆಯಲ್ಲಿದೆ. ಅವನ ಭಾಷೆಯಲ್ಲಿದೆ, ನನಗೆ ಅರ್ಥವಾಗುವಷ್ಟು ಬರುತ್ತದೆ. ಓರಿನ್‌ಗೆ ತೋರಿಸಬೇಕಲ್ಲ, ಇಲ್ಲಿ ಇಳಿಸಿಕೊಳ್ಳುತ್ತೇನೆ. ಸೋಲ್ ಅಂದರೆ ಅಲ್ಲಿಯ ನಾಣ್ಯ.

ಜನವರಿ: ಅಮ್ಮನ ಹತ್ತಿರ. ಗಳಿಕೆ ಇಲ್ಲ.
ಫೆಬ್ರವರಿ: ಅಮ್ಮನ ಹತ್ತಿರ. ಕುರಿ ಮಾರಿದ್ದು ಒಂದು, ದುಡ್ಡು ಔಷಧಿಗೆ.
ಮಾರ್ಚ್: ಅಲೆಹೋನ ಹೊಲದಲ್ಲಿ ನಾಲ್ಕು ದಿನ. ಕೂಲಿ ಇಲ್ಲ, ಅವನು ನನಗೆ ನಾಲ್ಕು ದಿನ ಬರಬೇಕು.
ಏಪ್ರಿಲ್: ಅಮ್ಮನ ಹತ್ತಿರ. ಪಕ್ಕದವರು ಒಂದು ಕೋಳಿ ಕೊಟ್ಟರು, ಸಾರು ಮಾಡಿದೆ, ಅಮ್ಮ ಕುಡಿಯಲಿಲ್ಲ.
ಮೇ: ಒಂಬತ್ತನೆಯ ತಾರೀಕು ಅಮ್ಮ ಹೋದಳು. ಹನ್ನೊಂದು ದಿನ ಏನೂ ಮಾಡಲಿಲ್ಲ.
ಜೂನ್: ಅಲೆಹೋ ಬಂದು ನಾಲ್ಕು ದಿನ ಆಲೂಗಡ್ಡೆ ಅಗೆದುಕೊಟ್ಟ. ಲೆಕ್ಕ ಸರಿಹೋಯಿತು.
ಜುಲೈ: ಉಣ್ಣೆ ಕತ್ತರಿಸಿದ್ದಕ್ಕೆ ನೂರ ಎಂಬತ್ತು ಸೋಲ್. ವಾಂಕಾಯೋ ಪಟ್ಟಣಕ್ಕೆ ಬಸ್ಸು, ಅಲ್ಲಿ ಕಂಪ್ಯೂಟರಿನಲ್ಲಿ ನಮ್ಮ ಕಾಗದ ನೋಡುವವನಿಗೆ ಮೂವತ್ತು ಸೋಲ್. ನೋಡಿದ.
ಆಗಸ್ಟ್: ಕುರಿ ಕಾಯ್ದದ್ದಕ್ಕೆ ನೂರ ಐವತ್ತು. ಕಾಗದ ನೋಡುವವನಿಗೆ ಮೂವತ್ತು. ನೋಡಿದ.
ಸೆಪ್ಟೆಂಬರ್: ನೂರ ಐವತ್ತು. ಮೂವತ್ತು. ನೋಡಿದ.

ಡಿಸೆಂಬರಿನವರೆಗೂ ಹೀಗೆಯೇ. ಖರ್ಚು ಬರೆಯಬೇಕಾಗಿರಲಿಲ್ಲ. ಗಳಿಕೆ ಮಾತ್ರ ಕೇಳಿದ್ದೆ.

ಮೇ ತಿಂಗಳಲ್ಲಿ ಅವನು ಫೋನ್ ಮಾಡಿ ಅಮ್ಮ ಹೋದಳು ಅಂದಿದ್ದ. ಸರಿ ಅಂದಿದ್ದೆ. ಸರಿ ಅಂತ ಯಾಕಂದೆನೋ.

ಪಟ್ಟಿಯನ್ನು ಮೂರು ಸಲ ಓದಿದೆ. ಅಪ್ಪ ಊಟ ಯಾವಾಗ ಅಂತ ಎರಡು ಸಲ ಕೇಳಿದ.

ಮಾರ್ಚ್ 30, ಶನಿವಾರ

ಓರಿನ್ ಬೆರಳಿನ ಗುರುತನ್ನು ಬಹಳ ಹೊತ್ತು ನೋಡಿದರು. ಕಾಗದವನ್ನು ದೂರ ಹಿಡಿದು, ತಲೆ ಓರೆ ಮಾಡಿ.

"ಇದು ಮುದ್ರೆ ಅಂದರೆ ಮುದ್ರೆ. ನಮ್ಮವರು ಗೀಚಿದ ಸಹಿಗಿಂತ ಇದು ವಾಸಿ. ಯಾರ ಹಸು ಅಂತ ಅನುಮಾನವೇ ಬೇಡ."

ಪಟ್ಟಿಯಲ್ಲಿ ಅಲೆಹೋನ ನಾಲ್ಕು ದಿನಕ್ಕೆ ಬಂದು ಸಿಕ್ಕಿಹಾಕಿಕೊಂಡರು. ಕೂಲಿಗೆ ಬದಲು ಕೂಲಿ, ಪುಸ್ತಕದ ಪ್ರಕಾರ ಅದೂ ಗಳಿಕೆಯೇ. ಪಕ್ಕದ ಮೇಜಿನಲ್ಲಿ ಫರ್ನ್ ಕೂತಿರುತ್ತಾರೆ. ಓರಿನ್ ಮಾಡಿದ ಪ್ರತಿ ಫಾರ್ಮನ್ನೂ ಮೊದಲಿಂದ ಪ್ರಶ್ನೆ ಕೇಳಿ ಪರೀಕ್ಷಿಸುವುದು ಅವರ ಕೆಲಸ. ಓರಿನ್ ಅವರತ್ತ ತಿರುಗಿ ಕೇಳಿದರು. ಮುಯ್ಯಾಳಿಗೆ ತೆರಿಗೆಯೇ ಅಂದರು ಫರ್ನ್. ಕರುಗಳಿಗೆ ಮುದ್ರೆ ಹಾಕುವ ದಿನ ನಿಮ್ಮ ಕೊಟ್ಟಿಗೆಗೆ ನನ್ನ ಗಂಡ ಮೂವತ್ತು ವರ್ಷ ಬಂದ, ನೀವು ನಮ್ಮಲ್ಲಿಗೆ ಬಂದಿರಿ, ಒಂದು ವರ್ಷವಾದರೂ ಬರೆದಿದ್ದೀರಾ ಅಂತ ಕೇಳಿದರು. ಓರಿನ್ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, ಹಾಗೆ ಹಿಡಿದರೆ ಈ ಕೌಂಟಿಗೆ ಕೌಂಟಿಯೇ ಜೈಲಿಗೆ ಹೋಗಬೇಕಾದೀತು, ಆ ಕೋಳಿಯೂ ಬೇಡ ಅಂದರು.

ನಾನು ನಕ್ಕೆ ಅಂತ ಕಾಣುತ್ತದೆ. ಇಬ್ಬರೂ ನನ್ನ ಕಡೆ ತಿರುಗಿದರು.

ಆಮೇಲೆ ಓರಿನ್ ನಿಯಮವನ್ನು ಕೊನೆಯವರೆಗೆ ಓದಿದರು, ಅವರ ಪದ್ಧತಿ ಅದು. ಗಂಡ ಇಲ್ಲೇ ಇದ್ದಂತೆ ಅಂತ ಒಮ್ಮೆ ಕೊಟ್ಟರೆ ಅದು ಮುಂದಿನ ವರ್ಷಗಳಿಗೂ ನಡೆಯುತ್ತ ಹೋಗುತ್ತದೆ. ಇಬ್ಬರಲ್ಲಿ ಒಬ್ಬರು ಬೇಡವೆಂದು ಮುರಿದರೆ ಮತ್ತೆಂದೂ ಇಬ್ಬರಿಗೂ ಅದು ಸಿಗುವುದಿಲ್ಲ. ಏನೂ ತೊಂದರೆಯಿಲ್ಲ, ಇಲ್ಲಿ ನಿನ್ನ ಸಹಿ ಹಾಕು ಅಂದರು.

ಪೆನ್ನು ಹಿಡಿದುಕೊಂಡು ಕೂತೆ. ಆ ಪತ್ರದಲ್ಲಿ ಮೂರೇ ಸಾಲು. ಇಲ್ಲೇ ವಾಸವಿದ್ದಂತೆ ಅಂತ ಎರಡನೆಯ ಸಾಲಿನಲ್ಲಿದೆ. ಯಾರೋ ನನ್ನ ಬಾಯಿಂದಲೇ ಕೇಳಿಸಿಕೊಂಡು ಬರೆದ ಹಾಗಿತ್ತು.

ಮುಂದಿನ ವಾರ ಬರುತ್ತೇನೆ ಅಂತ ಎದ್ದು ಬಂದೆ. ಅಪ್ಪನನ್ನು ತಲೆಕೂದಲು ಕತ್ತರಿಸಲು ಕರೆದೊಯ್ಯಬೇಕು ಅಂತ ಸುಳ್ಳು ಹೇಳಿದೆ. ಆಮೇಲೆ ನಿಜವಾಗಿಯೂ ಕರೆದೊಯ್ದೆ.

ಏಪ್ರಿಲ್ 7, ಭಾನುವಾರ

ನಿನ್ನೆ ಲೈಬ್ರರಿಗೆ ಹೋಗಲಿಲ್ಲ. ಇವತ್ತು ಅವನು ಫೋನ್ ಮಾಡಿದಾಗ ಚಳಿ, ಅಪ್ಪ, ಬಸ್ಸು ಮುಗಿಯಿತು. ಸಹಿ ಸರಿಯಾಯಿತಾ ಅಂದ. ಸರಿಯಾಗಿದೆ, ಎಲ್ಲರೂ ಮೆಚ್ಚಿದರು ಅಂದೆ. ಬೆರಳನ್ನು ಎರಡು ಸಲ ತೊಳೆದು ಒತ್ತಿದೆ ಅಂದ.

ಕಾಗದ ನೋಡುವವನಿಗೆ ತಿಂಗಳು ತಿಂಗಳು ಮೂವತ್ತು ಸೋಲ್ ಕೊಟ್ಟೆಯಲ್ಲ, ಅವನು ಏನು ನೋಡಿದ ಅಂತ ಕೇಳಿದೆ.

ಫೋನಿನ ಆ ಕಡೆ ಒಂದು ನಾಯಿ ಬೊಗಳುತ್ತಿತ್ತು. ಅವನು ಅದನ್ನು ಗದರಿಸಿದ.

"ನಿನ್ನ ಪತ್ರ ಬಂದಿಲ್ಲ ಅಂತ ನೋಡಿದ," ಅಂದ. "ಪ್ರತಿ ಸಲವೂ ಅದನ್ನೇ ನೋಡಿದ. ಅವನಿಗೇ ನಾಚಿಕೆಯಾಗಿ ಜನವರಿಯಿಂದ ದುಡ್ಡು ತಗೊಳ್ತಿಲ್ಲ."

"ಮತ್ತೆ ನನ್ನನ್ನ ಯಾಕೆ ಕೇಳಲಿಲ್ಲ?"

"ಕೇಳಿದರೆ ಕಳಿಸಲ್ಲ ಅಂತ ಹೇಳ್ತೀಯ. ಕೇಳದೇ ಇದ್ದರೆ ಇನ್ನೂ ಕಳಿಸಿಲ್ಲ ಅಂತ ಆಗುತ್ತೆ."

ನಾಯಿ ಮತ್ತೆ ಬೊಗಳುವುದನ್ನು ಕೇಳುತ್ತ ಫೋನ್ ಹಿಡಿದೇ ಇದ್ದೆ. ಅವನೂ ಇಡಲಿಲ್ಲ. ಅವನ ಕಾರ್ಡಿನ ದುಡ್ಡು ಮುಗಿದು ಫೋನ್ ತಾನಾಗಿ ನಿಂತಿತು. ಹತ್ತೊಂಬತ್ತು ನಿಮಿಷ ಅಂತ ತೋರಿಸಿತು.

ಬಾಳೆಹಣ್ಣನ್ನು ಬಟ್ಟಲಿಗೆ ಹಾಕಿದೆ. ಲಕೋಟೆ ಕಪ್ಪಾಗಿತ್ತು. ಒರೆಸಿದೆ.

ಏಪ್ರಿಲ್ 10, ಬುಧವಾರ

ಅಪ್ಪನಿಗೆ, ನಿನ್ನನ್ನು ಏಳುನೂರಕ್ಕೆ ಮಾರುವುದಿಲ್ಲ ಅಂದೆ. ಯಾಕೆ ಅಂತ ಕೇಳಿದ. ಗಂಡನನ್ನು ಕಳಿಸಿ ಅಂತ ಸರ್ಕಾರವನ್ನು ಕೇಳುವ ಪತ್ರದ ಜೊತೆಗೆ, ಮದುವೆಯಾಗದವಳಿದ್ದಂತೆ ಅನ್ನುವ ಕಾಗದ ಇಡುವುದು ಹೇಗೆ ಅಂದೆ.

ಅಪ್ಪ ಚಮಚ ಕೆಳಗಿಟ್ಟ. "ಓಹೋ, ಕೇಳ್ತೀಯಾ?"

ಕೇಳುತ್ತೇನೆ ಅಂತ ನಾನು ಹೇಳಿರಲಿಲ್ಲ. ಆದರೆ ಮಾತು ಹಾಗೆ ಬಂದಿತ್ತು. ಅಪ್ಪ ಸೂಪು ಕುಡಿಯುವುದನ್ನು ಮುಂದುವರಿಸಿದ. ಸ್ವಲ್ಪ ಹೊತ್ತಿಗೆ, ಆ ಹುಡುಗ ನನ್ನ ಗರಗಸ ಎಲ್ಲಿಟ್ಟಿದ್ದಾನೋ, ಒಂದೂವರೆ ವರ್ಷದಿಂದ ಹುಡುಕುತ್ತಿದ್ದೇನೆ ಅಂದ. ಅಷ್ಟು ದಿನದಲ್ಲಿ ಅವನ ವಿಷಯ ಅಪ್ಪ ಆಡಿದ ಮೊದಲ ಮಾತು.

ಏಪ್ರಿಲ್ 13, ಶನಿವಾರ

ಕೊನೆಯ ಶನಿವಾರ. ಲೈಬ್ರರಿಯಲ್ಲಿ ಮಕ್ಕಳ ಪುಸ್ತಕಗಳ ಕಪಾಟಿನವರೆಗೂ ಸಾಲು. ಪೆಟ್ರೋಲ್ ಬಂಕಿನವಳಿದ್ದಳು, ನನ್ನ ಬಸ್ಸಿನ ಮಕ್ಕಳ ಅಪ್ಪ ಅಮ್ಮಂದಿರಿದ್ದರು, ಎಲ್ಲರ ಕೈಯಲ್ಲೂ ಬೂಟಿನ ಡಬ್ಬಿ ತುಂಬ ರಸೀತಿ.

ಓರಿನ್‌ಗೆ ಹೇಳಿದೆ. ಬೇರೆ ಬೇರೆ.

ಎರಡು ತಿಂಗಳು ಸುತ್ತಾಡಿಸಿ, ಪೆರುವಿನಿಂದ ಸಹಿ ತರಿಸಿ, ಅಲೆಹೋನ ಆಲೂಗಡ್ಡೆ ಲೆಕ್ಕ ಮಾಡಿಸಿ, ಈಗ ಮೊದಲ ದಿನ ಹೇಳಿದ್ದನ್ನೇ ಹೇಳುತ್ತೀಯಾ ಅಂತ ಬೈದರು. ನಾನು ಕೇಳಿಸಿಕೊಂಡೆ. ಮೊದಲ ದಿನ ಹೇಳಿದ್ದು ಬೇರೆ ಅಂತ ಹೇಳಬೇಕೆನ್ನಿಸಿತು.

"ಉಳಿದ ಎರಡರಲ್ಲೂ 'ಇದ್ದಂತೆ' ಅಂತ ಇದೆ," ಅಂದೆ. "ಅವನು ಇಲ್ಲಿ ಇದ್ದಂತೆ. ಇಲ್ಲಾ, ಮದುವೆಯೇ ಆಗದೆ ಇದ್ದಂತೆ. ನನಗೆ ಸಾಕಾಗಿದೆ."

ಸಾವಿರದ ಮುನ್ನೂರು ಅಂದರು ಓರಿನ್. ಗೊತ್ತು ಅಂದೆ. ನನ್ನ ಮುಖ ನೋಡಿದರು. ಆಮೇಲೆ ಗುರುತು ಹಾಕಿದರು. ಬೇರೆ ಬೇರೆ ಹಾಕಿದರೂ ಗಂಡನ ಪೂರ್ತಿ ಹೆಸರು ಬರೆಯಬೇಕು. ನಾನೇ ಬರೆದೆ. ನಿಕಾನೋರ್ ವಮಾನ್ ಕೋರಾ. ಅವನ ತಾಯಿಯ ಮನೆತನದ ಹೆಸರು ಕೋರಾ. ಬರೆಯುವಾಗ ಪೆನ್ನು ಒತ್ತಿ ಕಾಗದದ ಹಿಂದೆ ಉಬ್ಬಿತು.

ಆಮೇಲೆ ಫರ್ನ್ ಮೇಜಿಗೆ. ಫರ್ನ್‌ಗೆ ಕಿವಿ ಸ್ವಲ್ಪ ಮಂದ, ಅದಕ್ಕೆ ಅವರ ಪ್ರಶ್ನೆಗಳು ಬೀದಿಗೆ ಕೇಳುತ್ತವೆ. ಕನ್ನಡಕ ಏರಿಸಿಕೊಂಡು ಶುರುಮಾಡಿದರು. ಹೆಸರು. ಹುಟ್ಟಿದ ದಿನ. ಮದುವೆಯಾಗಿದೆಯೇ. ಹೌದು ಅಂದೆ.

"ಗಂಡ ನಿನ್ನ ಜೊತೆ ಇದ್ದಾನಾ?"

"ಇಲ್ಲ."

"ಕೇಳಿಸಲಿಲ್ಲ ಮಗಳೇ."

ಸಾಲಿನಲ್ಲಿ ಬೂಟಿನ ಡಬ್ಬಿಯೊಂದರ ಮುಚ್ಚಳ ಬಿದ್ದದ್ದು ಕೇಳಿತು.

"ಇಲ್ಲ," ಅಂದೆ, ಗಟ್ಟಿಯಾಗಿ. "ಪೆರುವಿನಲ್ಲಿದ್ದಾನೆ. ಹೋಗಿ ಹದಿನೇಳು ತಿಂಗಳಾಯಿತು. ಅವನಮ್ಮ ತೀರಿಕೊಂಡರು. ಅವನು ಬರಬೇಕಾದರೆ ನಾನು ಕಾಗದ ಕಳಿಸಬೇಕಿತ್ತು, ಕಳಿಸಲಿಲ್ಲ."

ಇಷ್ಟನ್ನೆಲ್ಲ ಅವರು ಕೇಳಿರಲಿಲ್ಲ. ಫರ್ನ್ ಪೆನ್ಸಿಲಿನಿಂದ 'ಇಲ್ಲ' ಅನ್ನುವುದಕ್ಕೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದರು. ಅಪ್ಪನ ಅರ್ಧಕ್ಕಿಂತ ಹೆಚ್ಚು ಖರ್ಚು ನಿನ್ನದೇನಾ? ಹೌದು. ಕೋಳಿ, ಹಂದಿ ಸಾಕಿದ ಆದಾಯ? ಇಲ್ಲ. ಎಲ್ಲ ಮುಗಿಸಿ ಕೊನೆಯಲ್ಲಿ ಸಹಿ ಮಾಡುವ ಜಾಗ ತೋರಿಸಿದರು. ಸಹಿ ಮಾಡಿದೆ. ಅವನ ಸಹಿ ಇರುವ ಪತ್ರವನ್ನು ಓರಿನ್ ಹರಿಯಲು ಹೊರಟಿದ್ದರು. ಕೊಡಿ ಅಂತ ಇಸಿದುಕೊಂಡೆ.

ಫರ್ನ್ ಎಲ್ಲರನ್ನೂ ಕೊನೆಗೆ ಕೇಳುವ ಪ್ರಶ್ನೆ ಒಂದಿದೆ, ಪ್ರತಿ ಎಷ್ಟು ಬೇಕು ಅಂತ. ಎಲ್ಲರೂ ಒಂದು ಅನ್ನುತ್ತಾರೆ.

"ಎರಡು," ಅಂದೆ.

ಯಂತ್ರ ಎರಡನ್ನೂ ನಿಧಾನವಾಗಿ ಹೊರಹಾಕಿತು. ಹಾಳೆಗಳು ಬೆಚ್ಚಗಿದ್ದವು. ಒಂದನ್ನು ಕೋಟಿನೊಳಗೆ ತಂದಿದ್ದ ಫ್ರಿಜ್ಜಿನ ಮೇಲಿನ ಲಕೋಟೆಗೆ ಸೇರಿಸಿಕೊಂಡು, ಇನ್ನೊಂದನ್ನು ಹಿಡಿದು ಸಾಲಿನ ಉದ್ದಕ್ಕೂ ನಡೆದು ಬಂದೆ. ಪೆಟ್ರೋಲ್ ಬಂಕಿನವಳು ಬಾಗಿಲು ಹಿಡಿದುಕೊಂಡಳು. ಅಂಚೆ ಕಚೇರಿ ಶನಿವಾರ ಮಧ್ಯಾಹ್ನಕ್ಕೆ ಮುಚ್ಚುತ್ತದೆ, ಹತ್ತು ನಿಮಿಷವಿದೆ, ಓಡು ಅಂದಳು.

ಓಡಿದೆ.